ಮತ್ತೊಮ್ಮೆ ಇದೇ ಕಾರು: ಒಂದು ಪ್ರಶ್ನೆಯ ತತ್ತ್ವವಿಚಾರ

ಪ್ಲಗ್ ಇನ್ ಹೈಬ್ರಿಡ್ ಕಾರನ್ನು ಕೆಲವು ವರ್ಷ ಓಡಿಸಿದವರಿಗೆ ಎದುರಾಗುವ ಪ್ರಶ್ನೆ ಒಂದಿದೆ: ಇನ್ನೊಮ್ಮೆ ಕೊಳ್ಳುವುದಾದರೆ ಇದನ್ನೇ ಕೊಳ್ಳುತ್ತೀರಾ? ಕೇಳುವುದಕ್ಕೆ ಒಂದೇ ಪ್ರಶ್ನೆ, ಒಳಗೆ ಮೂರು. ಕಾರು ಒಳ್ಳೆಯದೇ ಎಂಬುದು ಮೊದಲನೆಯದು. ಅಂದಿನ ತೀರ್ಮಾನ ಸರಿಯಿತ್ತೇ ಎಂಬುದು ಎರಡನೆಯದು. ಅಂದು ಬಯಸಿದವನೂ ಇಂದು ಉತ್ತರಿಸುವವನೂ ಒಬ್ಬನೇ ಹೌದೇ ಎಂಬುದು ಮೂರನೆಯದು. ಮಾಲೀಕರು ಸಾಮಾನ್ಯವಾಗಿ ಮೊದಲನೆಯದಕ್ಕೆ ಉತ್ತರಿಸುತ್ತಿದ್ದೇವೆ ಎಂದುಕೊಂಡು ಮೂರಕ್ಕೂ ಸೇರಿಸಿ ಒಂದೇ ಮಾತು ಹೇಳಿಬಿಡುತ್ತಾರೆ.

ಇಂಥ ಕಾರಿನಲ್ಲಿ ಪೆಟ್ರೋಲ್ ಎಂಜಿನ್ ಇರುತ್ತದೆ. ಮನೆಯ ಪ್ಲಗ್ಗಿನಿಂದ ಚಾರ್ಜ್ ಆಗುವ ಬ್ಯಾಟರಿ ಮತ್ತು ಮೋಟರೂ ಇರುತ್ತವೆ. ಬ್ಯಾಟರಿ ತುಂಬಿದ್ದರೆ ಮೊದಲ ಐವತ್ತೋ ಎಂಬತ್ತೋ ಕಿಲೋಮೀಟರ್ ಕರೆಂಟಿನಲ್ಲೇ ಸಾಗಬಹುದು. ಖಾಲಿಯಾದ ಮೇಲೆ ಅದು ಭಾರವಾದ ಬ್ಯಾಟರಿಯನ್ನು ಹೊತ್ತು ಓಡುವ ಪೆಟ್ರೋಲ್ ಕಾರು. 2010ರ ಕೊನೆಯಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದ ಷೆವರ್ಲೆ ವೋಲ್ಟ್ ಈ ಜಾತಿಯ ಕಾರುಗಳಿಗೆ ಹೆಸರು ತಂದಿತು. ಕನ್ಸ್ಯೂಮರ್ ರಿಪೋರ್ಟ್ಸ್ ಪತ್ರಿಕೆ ತನ್ನ ಓದುಗರಿಗೆ ಮೇಲಿನ ಪ್ರಶ್ನೆಯನ್ನೇ ಕೇಳಿದಾಗ ವೋಲ್ಟ್ ಮಾಲೀಕರಲ್ಲಿ 2011ರಲ್ಲಿ ಶೇ 93, 2012ರಲ್ಲಿ ಶೇ 92 ಮಂದಿ ಖಂಡಿತ ಅದನ್ನೇ ಕೊಳ್ಳುವುದಾಗಿ ಹೇಳಿದರು. ಆ ಎರಡೂ ವರ್ಷ ಅದಕ್ಕಿಂತ ಮೇಲೆ ಬೇರೆ ಕಾರು ಇರಲಿಲ್ಲ. ಆದರೂ 2019ರ ಫೆಬ್ರವರಿಯಲ್ಲಿ ವೋಲ್ಟ್ ತಯಾರಿಕೆ ನಿಂತಿತು. ಮತ್ತೆ ಕೊಳ್ಳುತ್ತೇವೆ ಎಂದವರಿಗೆ ಕೊಳ್ಳಲು ಕಾರೇ ಉಳಿಯಲಿಲ್ಲ.

ಅದೇ ಜಾತಿಯ ಕಾರುಗಳ ಇನ್ನೊಂದು ಮುಖ ಯುರೋಪಿನಲ್ಲಿ ಕಂಡಿತು. ರಸ್ತೆಯಲ್ಲಿ ಓಡುವ ಪ್ಲಗ್ ಇನ್ ಹೈಬ್ರಿಡ್‌ಗಳು ಪ್ರಯೋಗಾಲಯದ ಲೆಕ್ಕಕ್ಕಿಂತ ಸರಾಸರಿ ಮೂರೂವರೆ ಪಟ್ಟು ಹೆಚ್ಚು ಇಂಗಾಲದ ಡೈಆಕ್ಸೈಡ್ ಬಿಡುತ್ತಿವೆ ಎಂದು ಯುರೋಪಿಯನ್ ಕಮಿಷನ್ 2024ರಲ್ಲಿ ಪ್ರಕಟಿಸಿತು. ಇದಕ್ಕೆ ಕಾರಣ ಕಾರಿನಲ್ಲಿ ಇರುವುದಕ್ಕಿಂತ ಹೆಚ್ಚಾಗಿ ಮಾಲೀಕನಲ್ಲಿದೆ. 2022ರ ಒಂದು ಅಧ್ಯಯನದಂತೆ ಸ್ವಂತ ಹಣದಲ್ಲಿ ಕೊಂಡವರು ಓಡಿಸಿದ ದೂರದಲ್ಲಿ ಸುಮಾರು ಅರ್ಧದಷ್ಟು ಕರೆಂಟಿನಲ್ಲಿ ಓಡಿದ್ದು. ಕಂಪನಿಯ ಕಾರು ಪಡೆದವರಲ್ಲಿ ಆ ಪಾಲು ಶೇ 11ರಿಂದ 15 ಮಾತ್ರ. ಪೆಟ್ರೋಲಿನ ಹಣ ಕಂಪನಿ ಕೊಡುವಾಗ, ಮನೆಯ ಕರೆಂಟ್ ಬಿಲ್ಲು ತನ್ನ ಕೈಯಿಂದ ಹೋಗುವಾಗ, ರಾತ್ರಿ ಪ್ಲಗ್ ಹಾಕುವ ಮನಸ್ಸು ಬಾರದು. ಇದರಿಂದ ಈ ಕಾರಿನ ಒಂದು ವಿಶೇಷ ಸ್ಪಷ್ಟವಾಗುತ್ತದೆ. ಇತರ ಕಾರುಗಳ ಗುಣ ಬಹುಮಟ್ಟಿಗೆ ಕಾರ್ಖಾನೆಯಲ್ಲೇ ನಿಶ್ಚಯವಾಗುತ್ತದೆ. ಪ್ಲಗ್ ಇನ್ ಹೈಬ್ರಿಡ್‌ನ ಗುಣ ಮಾತ್ರ ಪ್ರತಿ ರಾತ್ರಿ ಮನೆಯಂಗಳದಲ್ಲಿ ಹೊಸದಾಗಿ ನಿಶ್ಚಯವಾಗಬೇಕು. ಆದ್ದರಿಂದ ಮಾಲೀಕ ಕೊಡುವ ಉತ್ತರ ಕಾರಿನ ಬಗೆಗಿನ ಸಾಕ್ಷ್ಯವಾಗಿರುವಷ್ಟೇ ಅವನ ನಿಯಮದ ಬಗೆಗಿನ ಸಾಕ್ಷ್ಯವೂ ಹೌದು. ಕೊಳ್ಳುವುದು ಒಂದು ದಿನದ ಕೆಲಸ, ಪಾಲಿಸುವುದು ಪ್ರತಿದಿನದ್ದು. ಈ ಅರ್ಥದಲ್ಲಿ ಅದನ್ನು ಕೊಳ್ಳುವುದು ವ್ರತ ಹಿಡಿದಂತೆ.

ದಕ್ಷಿಣ ಕನ್ನಡದ ಪುತ್ತೂರು, ಸುಳ್ಯ, ಕಡಬ ತಾಲೂಕುಗಳಲ್ಲಿ ಪ್ಲಗ್ ಇರುವ ಹೈಬ್ರಿಡ್ ಕಾಣಸಿಗುವುದೇ ಅಪರೂಪ. ಭಾರತದಲ್ಲಿ ಆ ವ್ಯವಸ್ಥೆ ಬಂದದ್ದು ವೋಲ್ವೊ ಎಕ್ಸ್‌ಸಿ 90, ಪೋರ್ಶೆ ಕಯೆನ್, ಬಿಎಂಡಬ್ಲ್ಯು ಎಕ್ಸ್‌ಎಂನಂಥ ದುಬಾರಿ ಕಾರುಗಳಲ್ಲಿ. ಇಲ್ಲಿನ ರಸ್ತೆಗಳಲ್ಲಿ ಕಾಣುವ ಹೈಬ್ರಿಡ್‌ಗಳೆಂದರೆ 2022ರಲ್ಲಿ ಬಂದ ಟೊಯೊಟಾ ಹೈರೈಡರ್, ಮಾರುತಿ ಗ್ರ್ಯಾಂಡ್ ವಿಟಾರಾ, ಇನೋವಾ ಹೈಕ್ರಾಸ್‌ನ ಬಗೆಯವು. ಈ ಮೂರೂ ಬಿಡದಿಯ ಟೊಯೊಟಾ ಕಾರ್ಖಾನೆಯಲ್ಲಿ ತಯಾರಾದಂಥವು. ಇವಕ್ಕೆ ಪ್ಲಗ್ ಇಲ್ಲ. ಎರಡು ಯೂನಿಟ್ ಕರೆಂಟನ್ನೂ ಹಿಡಿಯದ ಸಣ್ಣ ಬ್ಯಾಟರಿ ಎಂಜಿನ್ನಿನಿಂದಲೂ ಬ್ರೇಕಿನಿಂದಲೂ ತಾನೇ ತುಂಬಿಕೊಳ್ಳುತ್ತದೆ. ಮಾಲೀಕ ಏನೂ ನೆನಪಿಡಬೇಕಾಗಿಲ್ಲ. ಹೀಗಾಗಿ ಮತ್ತೆ ಕೊಳ್ಳುವ ಪ್ರಶ್ನೆ ಇವುಗಳ ವಿಷಯದಲ್ಲಿ ಮೈಲೇಜ್, ಬೆಲೆ, ರಿಪೇರಿಯ ಪ್ರಶ್ನೆ. ಪ್ಲಗ್ ಬಂದೊಡನೆ ಅದಕ್ಕೆ ಆಚರಣೆಯ ಪ್ರಶ್ನೆಯೂ ಕೂಡಿಕೊಳ್ಳುತ್ತದೆ.

ಎರಡು ಶಕ್ತಿಮೂಲಗಳನ್ನು ಜೊತೆಯಲ್ಲಿ ಇಟ್ಟುಕೊಳ್ಳುವುದು ಈ ಸೀಮೆಗೆ ಹೊಸದಲ್ಲ. ಕರೆಂಟು ಪಂಪಿನ ಪಕ್ಕದಲ್ಲಿ ಡೀಸೆಲ್ ಪಂಪನ್ನೂ ಇಟ್ಟುಕೊಂಡ ಅಡಿಕೆ ತೋಟಗಳು ಎಷ್ಟೋ. ಬೇಸಿಗೆಯಲ್ಲಿ ವೋಲ್ಟೇಜ್ ಇಳಿದು ಮೋಟರ್ ತಿರುಗದಿದ್ದಾಗ ಡೀಸೆಲ್ ಪಂಪೇ ತೋಟವನ್ನು ಉಳಿಸಿದ್ದು. ಎರಡನ್ನೂ ಸಾಕುವ ಖರ್ಚು ಹೆಚ್ಚು ಎಂದು ಗೊತ್ತಿದ್ದೂ ಕೃಷಿಕರು ಅದನ್ನು ಒಪ್ಪಿದರು. ಒಂದನ್ನೇ ನಂಬಿ ಒಣಗಿದ ಮರ ಮತ್ತೆ ಚಿಗುರದು ಎಂಬುದು ಅವರಿಗೆ ತಿಳಿದಿತ್ತು.

ಪ್ಲಗ್ ಇನ್ ಕಾರು ಈ ನೆಲಕ್ಕೆ ಎಷ್ಟು ಹೊಂದುತ್ತದೆ ಎಂಬುದನ್ನು ಸ್ಥಳದ ಲೆಕ್ಕದಲ್ಲೇ ನೋಡಬೇಕು. ಸುಳ್ಯದಿಂದ ಪುತ್ತೂರಿಗೆ ಸುಮಾರು 36 ಕಿ.ಮೀ.; ಹೋಗಿಬರುವಷ್ಟನ್ನು ದೊಡ್ಡ ಬ್ಯಾಟರಿಯ ಕಾರು ಕರೆಂಟಿನಲ್ಲೇ ಮುಗಿಸಬಹುದು. ಪುತ್ತೂರಿನಿಂದ ಮಂಗಳೂರು ಐವತ್ತು ಕಿ.ಮೀ. ದಾಟುತ್ತದೆ, ವಾಪಸು ಬರುವ ದಾರಿಯಲ್ಲಿ ಎಂಜಿನ್ ಚಾಲೂ ಆಗುತ್ತದೆ. ಸಂಪಾಜೆ ಘಾಟಿಯ ಲೆಕ್ಕ ಬೇರೆಯೇ. ಮಡಿಕೇರಿಯಿಂದ ಸುಳ್ಯಕ್ಕೆ ಇಳಿಯುವಾಗ ಸುಮಾರು ಸಾವಿರ ಮೀಟರ್ ಎತ್ತರ ಕಳೆಯುತ್ತದೆ. ಎರಡು ಟನ್ ತೂಕದ ಕಾರಿನಲ್ಲಿ ಆ ಎತ್ತರ ಹಿಡಿದಿಟ್ಟ ಶಕ್ತಿ ಐದು ಯೂನಿಟ್‌ಗಿಂತ ಸ್ವಲ್ಪ ಹೆಚ್ಚು. ಟಯರು, ಗಾಳಿಗೆ ಹೋದದ್ದು ಹೋಗಿ ಉಳಿದದ್ದರಲ್ಲಿ ಒಂದು ಪಾಲನ್ನು ಮೋಟರ್ ಬ್ಯಾಟರಿಗೆ ಮರಳಿಸುತ್ತದೆ. ಆದರೆ ಮಡಿಕೇರಿಯಲ್ಲೇ ಬ್ಯಾಟರಿಯನ್ನು ಪೂರ್ತಿ ತುಂಬಿಸಿ ಹೊರಟವನಿಗೆ ಈ ಲಾಭವಿಲ್ಲ. ತುಂಬಿದ ಬ್ಯಾಟರಿಯಲ್ಲಿ ಜಾಗವಿರುವುದಿಲ್ಲ. ಎಲ್ಲಿ ತುಂಬಿಸಬೇಕು, ಎಲ್ಲಿ ತುಂಬಿಸಬಾರದು ಎಂಬ ವಿವೇಕವನ್ನು ಈ ಕಾರು ಓಡಿಸುವವನಿಂದ ಕೇಳುತ್ತದೆ.

ಮನೆಯ ಪ್ಲಗ್ಗಿಗೂ ಕಾಲದೇಶಗಳ ಕಟ್ಟು ಇದೆ. ಏಪ್ರಿಲ್–ಮೇ ಸಂಜೆಗಳಲ್ಲಿ ಘಟ್ಟದ ಕಡೆ ಗುಡುಗು ಕೇಳಿದೊಡನೆ ಇಲ್ಲಿನ ಮನೆಗಳಲ್ಲಿ ಟಿವಿ, ಫ್ರಿಜ್, ಇನ್ವರ್ಟರ್ ಎಲ್ಲದರ ಪ್ಲಗ್ ಕೀಳುತ್ತಾರೆ. ಒಂದು ಸಿಡಿಲು ತಂತಿಯಲ್ಲಿ ಹರಿದು ಮನೆಯ ಸಾಮಾನನ್ನೆಲ್ಲ ಸುಟ್ಟ ಅನುಭವ ಊರೂರಿನಲ್ಲಿದೆ. ಹದಿನೈದು ಯೂನಿಟ್ ಹಿಡಿಯುವ ಬ್ಯಾಟರಿ 16 ಆಂಪಿಯರ್ ಪ್ಲಗ್ಗಿನಲ್ಲಿ ತುಂಬಲು ಐದು ಗಂಟೆ ಬೇಕು. ಅಂಥ ರಾತ್ರಿಗಳಲ್ಲಿ ಕಾರಿನ ಪ್ಲಗ್ ಹಾಕುವ ಧೈರ್ಯ ಯಾರಿಗೂ ಬಾರದು, ಬರಬೇಕಾಗಿಯೂ ಇಲ್ಲ. ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹೋದರೆ ಮತ್ತೆ ಬರುವವರೆಗೆ ಕಾರು ಪೆಟ್ರೋಲಿನದ್ದೇ.

ಇದರ ಜೊತೆಗೆ ಧರ್ಮಸೂಕ್ಷ್ಮ ಒಂದಿದೆ. ಕರ್ನಾಟಕದಲ್ಲಿ 10 ಎಚ್‌ಪಿವರೆಗಿನ ನೀರಾವರಿ ಪಂಪ್‌ಸೆಟ್ಟುಗಳಿಗೆ ಕರೆಂಟ್ ಉಚಿತ. ಅದು ತೋಟಕ್ಕೆ ನೀರು ಬಿಡಲು ಕೊಟ್ಟದ್ದು. ಪಂಪ್ ಶೆಡ್ಡಿನಿಂದ ವಯರ್ ಎಳೆದು ಕಾರಿಗೆ ತುಂಬಿಸಿದರೆ ಮೈಲೇಜ್ ಅದ್ಭುತವಾಗಿ ಕಾಣುತ್ತದೆ, ಮತ್ತೆ ಕೊಳ್ಳುತ್ತೇನೆ ಎಂಬ ಉತ್ತರವೂ ಸುಲಭವಾಗಿ ಬರುತ್ತದೆ. ಆದರೆ ಆ ತೃಪ್ತಿಯ ಬೆಲೆಯನ್ನು ಬೇರೆಯವರು ತೆತ್ತಿರುತ್ತಾರೆ. ಮನೆಯ ಮೀಟರಿನಲ್ಲೇ ಪ್ರಾಮಾಣಿಕವಾಗಿ ಚಾರ್ಜ್ ಮಾಡಿದರೆ ದಿನಕ್ಕೆ 12 ಯೂನಿಟ್, ತಿಂಗಳಲ್ಲಿ 25 ದಿನ ಎಂದಿಟ್ಟುಕೊಂಡರೂ 300 ಯೂನಿಟ್. ಮನೆಗಳಿಗೆ ಉಚಿತ ಕರೆಂಟ್ ಕೊಡಲು 2023ರಲ್ಲಿ ಬಂದ ಗೃಹಜ್ಯೋತಿ ಯೋಜನೆಯ ಮೇಲ್ಮಿತಿ 200 ಯೂನಿಟ್. ಅದನ್ನು ದಾಟಿದ ಮನೆ ಪೂರ್ತಿ ಬಿಲ್ಲು ಕಟ್ಟಬೇಕು. ಹಾಗಾದಾಗ ಕಾರಿನ ಖರ್ಚಿಗೆ ಮನೆಯ ದೀಪದ ಖರ್ಚೂ ಸೇರುತ್ತದೆ. ಯುರೋಪಿನ ಕಂಪನಿ ಕಾರಿನಲ್ಲಿ ಕಂಡದ್ದೂ ಇದೇ: ಯಾರ ಹಣ ಎಂಬುದನ್ನು ಬಿಟ್ಟು ಹೇಳಿದ ತೃಪ್ತಿ ಅರ್ಧ ಸತ್ಯ.

ಇನ್ನು ಮೂರನೆಯ, ಎಲ್ಲಕ್ಕಿಂತ ಆಳದ ಪ್ರಶ್ನೆ: ಉತ್ತರಿಸುವವನು ಯಾರು? ಭಾರತೀಯ ದರ್ಶನಗಳು ಇದನ್ನು ಆಶ್ಚರ್ಯವೆನಿಸುವಷ್ಟು ಹತ್ತಿರದಿಂದ ಚರ್ಚಿಸಿವೆ. ಗೌತಮನ ನ್ಯಾಯಸೂತ್ರ ಆತ್ಮವನ್ನು ಗುರುತಿಸುವ ಚಿಹ್ನೆಗಳಲ್ಲಿ ಇಚ್ಛೆಯನ್ನು ಮೊದಲು ಹೇಳುತ್ತದೆ. ವಾತ್ಸ್ಯಾಯನ ತನ್ನ ಭಾಷ್ಯದಲ್ಲಿ ಅದಕ್ಕೆ ಕೊಡುವ ಕಾರಣ ಹೀಗಿದೆ: ಒಂದು ಬಗೆಯ ವಸ್ತುವಿನಿಂದ ಹಿಂದೆ ಸುಖಪಟ್ಟವನು ಅದೇ ಬಗೆಯದನ್ನು ಮತ್ತೆ ಕಂಡಾಗ ಅದು ಬೇಕೆಂದು ಬಯಸುತ್ತಾನೆ. ಅಂದು ಕಂಡವನೂ ಅನುಭವಿಸಿದವನೂ ಇಂದು ಮತ್ತೆ ಕಾಣುವವನೂ ಒಬ್ಬನೇ ಆಗಿರದಿದ್ದರೆ ಇಂಥ ಬಯಕೆ ಹುಟ್ಟದು. ಒಬ್ಬ ಉಂಡದ್ದರ ನೆನಪಿನಿಂದ ಇನ್ನೊಬ್ಬನಿಗೆ ಹಸಿವಾಗುವುದಿಲ್ಲ. ಅಂದರೆ ‘ಮತ್ತೆ ಬೇಕು’ ಎಂಬ ಮಾತೇ ನೈಯಾಯಿಕರಿಗೆ ಆತ್ಮದ ಸ್ಥಿರತೆಗೆ ಆಧಾರ. ಮರಳಿ ಕೊಳ್ಳುವ ಬಯಕೆಯಲ್ಲಿ ಇಷ್ಟು ದೊಡ್ಡ ವಿಷಯ ಅಡಗಿದೆ ಎಂಬುದು ಮಾರುಕಟ್ಟೆ ಸಮೀಕ್ಷೆ ಮಾಡುವವರಿಗೆ ಹೊಳೆದಿರಲಾರದು.

ಬೌದ್ಧರು ಇದನ್ನು ಒಪ್ಪಲಿಲ್ಲ. ಅವರ ಪ್ರಕಾರ ಸ್ಥಿರನಾದ ಒಬ್ಬ ಅನುಭವಿ ಇಲ್ಲ. ಕ್ಷಣಕ್ಷಣದ ಅರಿವುಗಳು ಕಾರಣ–ಕಾರ್ಯವಾಗಿ ಸಾಗುವ ಸಂತಾನ ಮಾತ್ರ ಇದೆ. ಹಿಂದಿನ ಕ್ಷಣ ಬಿಟ್ಟುಹೋದ ಸಂಸ್ಕಾರ ಮುಂದಿನದಕ್ಕೆ ಇಳಿಯುತ್ತದೆ, ನೆನಪು ಬಯಕೆಗಳಿಗೆ ಅಷ್ಟೇ ಸಾಕು. ಸಂಸಾರ, ವಯಸ್ಸು, ಸಾಲ, ಮಕ್ಕಳ ಓದು ಇವೆಲ್ಲ ಬದಲಿಸಿದ ಮನುಷ್ಯನನ್ನು ನೋಡಿದರೆ ಬೌದ್ಧರ ಮಾತಿನ ತೂಕ ಗೊತ್ತಾಗುತ್ತದೆ. ಆದರೂ ಈ ಪ್ರಶ್ನೆಯ ಮಟ್ಟಿಗೆ ನ್ಯಾಯದ ಪಕ್ಷವೇ ಹೆಚ್ಚು ಬಲವಾದುದು. ಕಾರಿನ ಸಾಲದ ಕಂತು ಕಟ್ಟಬೇಕಾದವನು, ಬ್ಯಾಂಕಿಗೂ ಮನೆಯವರಿಗೂ ಅಂದಿನ ಸಹಿಗೆ ಇಂದು ಉತ್ತರ ಕೊಡಬೇಕಾದವನು ಒಬ್ಬನೇ ಎಂದು ಒಪ್ಪದೆ ಪಶ್ಚಾತ್ತಾಪಕ್ಕೂ ಅರ್ಥವಿಲ್ಲ, ಸಂತೋಷಕ್ಕೂ ಅರ್ಥವಿಲ್ಲ.

ಬಯಸುವವನು ಒಬ್ಬನೇ ಎಂದಾದ ಮಾತ್ರಕ್ಕೆ ಬಯಕೆ ಸರಿಯಾದ ತೀರ್ಪು ಎಂದಾಗುವುದಿಲ್ಲ. ಪತಂಜಲಿಯ ಯೋಗಸೂತ್ರ ಸುಖದ ಬೆನ್ನು ಹತ್ತಿ ಬರುವುದನ್ನು ರಾಗ ಎಂದೂ ದುಃಖದ ಬೆನ್ನು ಹತ್ತಿ ಬರುವುದನ್ನು ದ್ವೇಷ ಎಂದೂ ಕರೆದು ಎರಡನ್ನೂ ಕ್ಲೇಶಗಳ ಪಟ್ಟಿಯಲ್ಲಿ ಇಡುತ್ತದೆ. ಸದ್ದಿಲ್ಲದೆ ಹೊರಡುವ ಕಾರಿನ ಸುಖ ಉಂಡವನು ಮತ್ತೆ ಬೇಕು ಎನ್ನುತ್ತಾನೆ. ಒಂದು ಬಾರಿ ದಾರಿಯಲ್ಲಿ ಕೆಟ್ಟು ನಿಂತ ಕಾರಿನ ಮಾಲೀಕ ಬೇಡವೇ ಬೇಡ ಎನ್ನುತ್ತಾನೆ. ಎರಡೂ ಉತ್ತರಗಳು ವಿಮರ್ಶೆಗೆ ಮುಂಚೆಯೇ ಸಿದ್ಧವಾಗಿದ್ದವು. ಅಮೆರಿಕದ ಮನೋವಿಜ್ಞಾನಿ ಜ್ಯಾಕ್ ಬ್ರೆಹ್ಮ್ 1956ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ಇನ್ನೊಂದು ಪದರ ಸೇರಿಸುತ್ತದೆ. ಮನೆಬಳಕೆಯ ಸಾಮಾನುಗಳಿಗೆ ಮಹಿಳೆಯರು ಮೊದಲು ಅಂಕ ಕೊಟ್ಟರು, ಆಮೇಲೆ ಎರಡರಲ್ಲಿ ಒಂದನ್ನು ಆರಿಸಿಕೊಂಡರು. ಮತ್ತೆ ಅಂಕ ಕೊಡುವಾಗ ಆರಿಸಿಕೊಂಡದ್ದರ ಅಂಕ ಏರಿತು, ಬಿಟ್ಟದ್ದರ ಅಂಕ ಇಳಿಯಿತು. ವಸ್ತು ಬದಲಾಗಿರಲಿಲ್ಲ, ಅದು ತನ್ನದಾಗಿತ್ತು ಅಷ್ಟೆ. ದೊಡ್ಡ ಹಣ ಸುರಿದು ಕೊಂಡ ಕಾರಿನ ವಿಷಯದಲ್ಲಿ ಈ ಸೆಳೆತ ಇನ್ನೂ ಬಲವಾಗಿರುವುದು ಸಹಜ. ವೋಲ್ಟ್ ಕಾರಿನ ಶೇ 93ನ್ನೂ ಈ ಬೆಳಕಿನಲ್ಲಿ ಓದಬೇಕು. ಅದನ್ನು ಮೊದಲು ಕೊಂಡವರು ಆ ಯಂತ್ರವನ್ನೇ ಕಾದು ಕೊಂಡವರು, ಪ್ಲಗ್ ಹಾಕುವುದರಲ್ಲೇ ಖುಷಿ ಕಂಡವರು.

ನಡುವೆ ಬಿಟ್ಟುಬಂದ ಎರಡನೆಯ ಪ್ರಶ್ನೆ ತೀರ್ಮಾನದ್ದು. ಹೊಸ ವಾಹನವನ್ನು ಕುಕ್ಕೆ ಸುಬ್ರಹ್ಮಣ್ಯಕ್ಕೋ ಪುತ್ತೂರಿನ ಮಹಾಲಿಂಗೇಶ್ವರನ ಸನ್ನಿಧಿಗೋ ಒಯ್ದು ಪೂಜೆ ಮಾಡಿಸುವುದು ಈ ಕಡೆಯ ರೂಢಿ. ಬಾನೆಟ್ಟಿಗೆ ಹೂವಿನ ಮಾಲೆ, ಚಕ್ರದಡಿಗೆ ನಿಂಬೆಹಣ್ಣು, ಕೀಲಿಗೆ ಕುಂಕುಮ ಎಲ್ಲರಿಗೂ ಕಾಣುವ ಭಾಗ. ಪೂಜೆಗೆ ಮುಂಚೆ ಮಾಡುವ ಸಂಕಲ್ಪದ ಕಡೆ ಗಮನ ಹೋಗುವುದು ಕಡಿಮೆ. ಸಂಕಲ್ಪದಲ್ಲಿ ಸಂವತ್ಸರ, ಮಾಸ, ತಿಥಿ ಬರುತ್ತವೆ, ಪರಶುರಾಮ ಕ್ಷೇತ್ರದ ಹೆಸರು ಬರುತ್ತದೆ, ಮಾಡುವವನ ಗೋತ್ರ, ನಕ್ಷತ್ರ, ಹೆಸರು ಬರುತ್ತವೆ, ಕಡೆಗೆ ಉದ್ದೇಶ. ಯಾವ ಕರ್ಮವನ್ನೂ ಅದರ ದೇಶ, ಕಾಲ, ಕರ್ತೃ, ಪ್ರಯೋಜನಗಳಿಂದ ಬಿಡಿಸಿ ಹೇಳಬಾರದು ಎಂಬ ತಿಳಿವಳಿಕೆ ಈ ಕ್ರಮದಲ್ಲಿದೆ. ‘ಇನ್ನೊಮ್ಮೆ ಕೊಳ್ಳುತ್ತೀರಾ’ ಎಂಬ ಪ್ರಶ್ನೆ ಮಾಡುವುದು ಅದಕ್ಕೆ ವಿರುದ್ಧವಾದ ಕೆಲಸ. ಅಂದಿನ ದೇಶಕಾಲಗಳಲ್ಲಿ ಕೈಗೊಂಡದ್ದನ್ನು ಇಂದಿನ ದೇಶಕಾಲಕ್ಕೆ ಎಳೆದು ತಂದು ತೂಗುತ್ತದೆ.

ಕಾಲ ಬದಲಾದದ್ದಕ್ಕೆ ತೆರಿಗೆಯೇ ಸಾಕ್ಷಿ. 2025ರ ಸೆಪ್ಟೆಂಬರ್ 22ಕ್ಕೆ ಮೊದಲು ನಾಲ್ಕು ಮೀಟರ್ ಮೀರಿದ ಹೈಬ್ರಿಡ್ ಕಾರಿಗೆ ಜಿಎಸ್‌ಟಿ ಮತ್ತು ಸೆಸ್ ಸೇರಿ ಶೇ 43 ತೆರಿಗೆ ಇತ್ತು. ಆ ದಿನದಿಂದ ಅದು ಶೇ 40. ಪೂರ್ತಿ ಕರೆಂಟಿನ ಕಾರಿಗೆ ಶೇ 5 ಹಾಗೆಯೇ ಉಳಿಯಿತು. ಈ ಇಳಿಕೆ ಪ್ರಕಟವಾಗುವ ಮುಂಚೆ ಕಾರು ತೆಗೆದವನು ಮೋಸಹೋದೆ ಎಂದು ಕೊರಗಬಹುದು, ಆದರೆ ತನಗೆ ತಿಳಿದಿದ್ದಷ್ಟರಲ್ಲಿ ಅವನ ಲೆಕ್ಕ ತಪ್ಪಿರಲಿಲ್ಲ. ಫಲ ಕೆಟ್ಟಿತೆಂದು ತೀರ್ಮಾನವೂ ಕೆಟ್ಟದ್ದು ಎನ್ನುವುದು, ಫಲ ಚೆನ್ನಾಯಿತೆಂದು ಕಣ್ಣುಮುಚ್ಚಿ ಮಾಡಿದ ತೀರ್ಮಾನವನ್ನು ಜಾಣತನ ಎನ್ನುವುದು, ಎರಡೂ ತಪ್ಪು. ಇಂಗ್ಲೆಂಡಿನ ತತ್ತ್ವಜ್ಞ ಬರ್ನಾರ್ಡ್ ವಿಲಿಯಮ್ಸ್ ಈ ಮಾತಿಗೆ ಒಂದು ತಿದ್ದುಪಡಿ ಕೊಡುತ್ತಾನೆ: ತನ್ನ ತಪ್ಪಿಲ್ಲದೆ ತನ್ನ ಕೈಯಿಂದ ಆದ ಅನರ್ಥಕ್ಕೂ ಮನುಷ್ಯ ಹೊರಗಿನವನಂತೆ ಮರುಗಲಾರ, ಮಾಡಿದವನಾಗಿಯೇ ಮರುಗುತ್ತಾನೆ. ಕಾರಿನ ಕೊಳ್ಳುವಿಕೆಯಂಥ ಸಣ್ಣ ವಿಷಯದಲ್ಲೂ ಈ ನೋವು ನಿಜವೇ. ಅದನ್ನು ತೀರ್ಪು ಎಂದು ತಿಳಿಯಬಾರದು ಅಷ್ಟೆ.

ಹೊಣೆಯನ್ನು ಹಂಚುವ ಕ್ರಮವನ್ನು ಭಗವದ್ಗೀತೆಯ ಹದಿನೆಂಟನೆಯ ಅಧ್ಯಾಯ ಕೊಡುತ್ತದೆ. ಯಾವ ಕರ್ಮಕ್ಕೂ ಐದು ಕಾರಣಗಳು: ಅಧಿಷ್ಠಾನ, ಕರ್ತೃ, ಕರಣ, ಬಗೆಬಗೆಯ ಚೇಷ್ಟೆ, ಐದನೆಯದಾಗಿ ದೈವ. ಶಂಕರರೂ ರಾಮಾನುಜರೂ ಅಧಿಷ್ಠಾನವೆಂದರೆ ದೇಹ ಎನ್ನುತ್ತಾರೆ. ಕಾರಿನ ವಿಚಾರಕ್ಕೆ ಅದನ್ನು ಮನೆ, ರಸ್ತೆ, ಘಾಟಿಗಳಿಗೆ ವಿಸ್ತರಿಸಿಕೊಳ್ಳಬಹುದು. ಕರಣ ಎಂದರೆ ಕಾರು, ಚಾರ್ಜರ್, ಅರ್ಥಿಂಗ್, ಮೆಸ್ಕಾಂನ ವಿದ್ಯುತ್ ಲೈನು. ಚೇಷ್ಟೆ ಎಂದರೆ ದಿನದಿನದ ಪ್ಲಗ್ ಹಾಕುವಿಕೆ. ಪೆಟ್ರೋಲ್ ಬೆಲೆ, ತೆರಿಗೆ, ಸಿಡಿಲು ಮಾಲೀಕನ ಕೈಯಲ್ಲಿಲ್ಲ; ಅವು ದೈವದ ಪಾಲಿಗೆ ಸೇರುತ್ತವೆ. ತಾನೊಬ್ಬನೇ ಕರ್ತೃ ಎಂದು ನೋಡುವವನು ಸರಿಯಾಗಿ ಕಾಣುತ್ತಿಲ್ಲ ಎಂದು ಗೀತೆ ಮುಂದುವರಿಯುತ್ತದೆ. ಇದನ್ನು ಹೊಣೆ ಜಾರಿಸುವ ದಾರಿಯೆಂದು ಓದಬಾರದು. ಮಧ್ವಾಚಾರ್ಯರ ತಮ್ಮ ವಿಷ್ಣುತೀರ್ಥರ ಪರಂಪರೆಯ ಮಠ ಕಡಬ ತಾಲೂಕಿನ ಸುಬ್ರಹ್ಮಣ್ಯದಲ್ಲೇ ಇದೆ. ಮಧ್ವರ ತತ್ತ್ವವಾದದಲ್ಲಿ ಜೀವಾತ್ಮನ ಕರ್ತೃತ್ವ ಪರಾಧೀನ, ಆದರೂ ಸತ್ಯ. ಪರಾಧೀನ ಎಂದ ಮಾತ್ರಕ್ಕೆ ಸುಳ್ಳಾಗದು. ಪ್ಲಗ್ ಹಾಕದೆ ಬಿಟ್ಟ ರಾತ್ರಿಗಳನ್ನು ಸಿಡಿಲಿನ ರಾತ್ರಿಗಳ ಲೆಕ್ಕಕ್ಕೆ ಬರೆಯುವಂತಿಲ್ಲ.

ಹೀಗೆ ಐದಾಗಿ ಬಿಡಿಸಿದರೆ ‘ಇಲ್ಲ, ಮತ್ತೆ ಕೊಳ್ಳುವುದಿಲ್ಲ’ ಎಂಬ ಒಂದೇ ಉತ್ತರದ ಒಳಗಿನ ಬೇರೆ ಬೇರೆ ಮಾತುಗಳು ಕಾಣುತ್ತವೆ. ಕಾರು ಕೆಟ್ಟದು ಎಂದು ಒಬ್ಬನ ಅರ್ಥ. ಕಾರು ಒಳ್ಳೆಯದು, ಈ ಊರಿಗೆ ಆಗದು ಎಂದು ಇನ್ನೊಬ್ಬನದು. ತನ್ನಿಂದ ನಿಯಮ ಸಾಗಲಿಲ್ಲ ಎಂಬುದು ಮತ್ತೊಬ್ಬನ ಒಪ್ಪಿಗೆ; ಹೇಳಲು ಇದು ಎಲ್ಲಕ್ಕಿಂತ ಕಷ್ಟ, ಕೇಳುವವನಿಗೆ ಎಲ್ಲಕ್ಕಿಂತ ಉಪಯೋಗ. ಇನ್ನು ಕೆಲವರಿಗೆ ಕಾರೂ ಸರಿ, ಊರೂ ಸರಿ. ಅಷ್ಟರಲ್ಲಿ ಪೂರ್ತಿ ಕರೆಂಟಿನ ಕಾರು ಕೈಗೆಟಕುವಂತಾಗಿದೆ.

ಹಿಂದಿನದನ್ನು ಹೀಗೆ ಪರಿಶೀಲಿಸುವುದನ್ನು ನಿತ್ಯದ ಶಿಸ್ತಾಗಿ ಬೆಳೆಸಿದ್ದು ಜೈನಧರ್ಮ. ಕಾರ್ಕಳ, ಮೂಡುಬಿದಿರೆ, ವೇಣೂರುಗಳ ಬಸದಿಗಳು ಆ ಧರ್ಮ ತುಳುನಾಡಿನಲ್ಲಿ ಎಷ್ಟು ಆಳಕ್ಕೆ ಇಳಿದಿತ್ತು ಎಂಬುದನ್ನು ಇಂದಿಗೂ ತೋರಿಸುತ್ತವೆ. ಕುಂದಕುಂದಾಚಾರ್ಯರ ಸಮಯಸಾರ ಮೂರು ಕ್ರಿಯೆಗಳನ್ನು ಬಿಡಿಸಿ ಹೇಳುತ್ತದೆ: ಮಾಡಿದ್ದರಿಂದ ಮರಳಿ ಬರುವುದು ಪ್ರತಿಕ್ರಮಣ, ಮುಂದೆ ಮಾಡಬಹುದಾದುದನ್ನು ಬಿಡುವುದು ಪ್ರತ್ಯಾಖ್ಯಾನ, ಈಗ ಉದಯಿಸಿರುವುದನ್ನು ಅರಿಯುವುದು ಆಲೋಚನೆ. ಭೂತ, ಭವಿಷ್ಯ, ವರ್ತಮಾನ ಮೂರಕ್ಕೂ ಬೇರೆ ಬೇರೆ ಕೆಲಸ. ಮತ್ತೆ ಕೊಳ್ಳುವ ಪ್ರಶ್ನೆ ಈ ಮೂರನ್ನೂ ಒಂದೇ ‘ಹೌದು’ ಅಥವಾ ‘ಇಲ್ಲ’ ಎಂಬ ಮಾತಿನಲ್ಲಿ ಮುಗಿಸಲು ನೋಡುತ್ತದೆ. ಅದಕ್ಕಿಂತ ಮುಖ್ಯವಾದ ಇನ್ನೊಂದು ಮಾತೂ ಜೈನರಿಂದ ಬರುತ್ತದೆ. ಪರಿಗ್ರಹ, ಅಂದರೆ ತನ್ನದೆಂದು ಕೂಡಿಟ್ಟುಕೊಳ್ಳುವಿಕೆ, ಇರುವುದು ವಸ್ತುವಿನ ಮೇಲಿನ ಮೋಹದಲ್ಲಿ ಎಂದು ತತ್ತ್ವಾರ್ಥಸೂತ್ರ ಹೇಳುತ್ತದೆ. ಗೃಹಸ್ಥನಿಗೆ ಪರಿಗ್ರಹಕ್ಕೆ ತಾನೇ ಮಿತಿ ಹಾಕಿಕೊಳ್ಳುವ ಅಣುವ್ರತವಿದೆ. ಯಾವ ಕಾರನ್ನು ಮತ್ತೆ ಕೊಳ್ಳಬೇಕು ಎಂದು ಕೇಳುವಾಗ, ಕೊಳ್ಳಲೇಬೇಕೇ, ಇರುವುದನ್ನೇ ಇನ್ನೂ ಐದು ವರ್ಷ ಓಡಿಸಬಾರದೇ ಎಂಬ ಪ್ರಶ್ನೆ ಮರೆಯಾಗುತ್ತದೆ. ಕಠೋಪನಿಷತ್ತು ಬೇರ್ಪಡಿಸುವ ಶ್ರೇಯಸ್ಸು (ಹಿತವಾದದ್ದು), ಪ್ರೇಯಸ್ಸು (ಪ್ರಿಯವಾದದ್ದು) ಇವುಗಳಲ್ಲಿ ಸಮೀಕ್ಷೆ ಕೇಳುವುದು ಪ್ರೇಯಸ್ಸನ್ನು ಮಾತ್ರ.

ಹಾಗಿದ್ದೂ ಮಾಲೀಕನ ಮಾತಿಗೆ ಬೆಲೆಯಿದೆ. ಹೊಸದಾಗಿ ಕೊಳ್ಳುವವನಿಗೆ ಅದಕ್ಕಿಂತ ಹತ್ತಿರದ ಪ್ರಮಾಣ ಸಿಗದು. ಶಬ್ದಪ್ರಮಾಣವನ್ನು ವಿವರಿಸುವಾಗ ವಾತ್ಸ್ಯಾಯನ ಆಪ್ತನೆಂದರೆ ವಸ್ತುವನ್ನು ನೇರವಾಗಿ ಅರಿತು, ಅರಿತಂತೆಯೇ ತಿಳಿಸುವ ಇಚ್ಛೆಯುಳ್ಳವನು ಎನ್ನುತ್ತಾನೆ. ಈ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಒಂದೇ ಎಂದು ಸೇರಿಸುವುದು ಅವನ ದೊಡ್ಡತನ. ಹಳೆಯ ಕಾರು ಮಾರುವಾಗ ಮಾಲೀಕನ ಆಪ್ತತೆ ನಿಜವಾಗಿ ಪರೀಕ್ಷೆಗೆ ಬರುತ್ತದೆ. ಪುತ್ತೂರಿನ ಪೇಟೆಯಲ್ಲಿ ಪರಿಚಯದವರಿಗೇ ಮಾರುವ ಪದ್ಧತಿ ಇರುವಾಗ, ನೀವಾದರೆ ಮತ್ತೆ ಇದನ್ನೇ ತೆಗೆಯುತ್ತೀರಾ ಎಂದು ಎದುರಿನವನು ಕೇಳಿಯೇ ಕೇಳುತ್ತಾನೆ. ಉತ್ತರ ಪ್ರಮಾಣವಾಗಬೇಕಾದರೆ ಅದರಲ್ಲಿ ವಾರಕ್ಕೆ ಎಷ್ಟು ದಿನ ಪ್ಲಗ್ ಹಾಕಿದ್ದು, ಯಾವ ಮೀಟರಿನಿಂದ, ಎಷ್ಟು ದೂರದ ಓಡಾಟಕ್ಕೆ, ಘಾಟಿಯಲ್ಲೋ ಬಯಲಿನಲ್ಲೋ ಎಂಬುದು ಇರಬೇಕು.

ನೇರ ಅರಿವಿನ ಮಿತಿಯನ್ನೂ ಅವನು ಹೇಳಬೇಕು. ಪ್ಲಗ್ ಇಲ್ಲದ ಹೈಬ್ರಿಡ್‌ಗೂ ಇದು ಸಲ್ಲುತ್ತದೆ: ಟೊಯೊಟಾ ಭಾರತದಲ್ಲಿ ಹೈಬ್ರಿಡ್ ಬ್ಯಾಟರಿಗೆ ಕೊಡುವ ವಾರಂಟಿ ಎಂಟು ವರ್ಷ ಅಥವಾ 1,60,000 ಕಿ.ಮೀ. 2022ರಲ್ಲಿ ಹೈರೈಡರ್ ಕೊಂಡವನು ಮೈಲೇಜ್, ಘಾಟಿಯ ಓಟ, ಸರ್ವಿಸ್ ಖರ್ಚು ಇವುಗಳಿಗೆ ಇಂದು ಆಪ್ತನಾಗಬಲ್ಲ. ವಾರಂಟಿ ಮುಗಿದ ಬ್ಯಾಟರಿಯನ್ನು ಕರಾವಳಿಯ ಮಳೆ, ಸೆಕೆಗಳ ನಡುವೆ ಸಾಕಿದ ಅನುಭವ ಆ ಪೀಳಿಗೆಯ ಮಾಲೀಕರಲ್ಲಿ ಹೆಚ್ಚಿನವರಿಗೆ ಬರುವುದು 2030ರ ನಂತರ. ಆ ಭಾಗದ ಉತ್ತರವನ್ನು ಆಗಲೇ ಕೇಳಬೇಕು.